ಇಬ್ಬರಿಗೊಂದು ಉಡಿದಾರ

ಸೊಂಟಕ್ಕೆ ಕಟ್ಟಿದ ಯಂತ್ರ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಸರ್ಕಾರ ಅದಕ್ಕೆ ಇಟ್ಟ ಹೆಸರು ‘ನಡುಶೋಧಕ’. ಶಿಡ್ಲಘಟ್ಟದ ಜನ ಉಡಿದಾರ ಎಂದರು. ಕೆಟ್ಟ ಮೂತ್ರಪಿಂಡದ ಕೆಲಸವನ್ನು ಅದು ಹೊರಗಿನಿಂದ ಮಾಡುತ್ತಿತ್ತು. ತೋಳಿನ ಕೊಳವೆಯಿಂದ ರಕ್ತ ಎಳೆದು, ಸೋಸಿ, ಮೈಗೆ ಮರಳಿಸುತ್ತಿತ್ತು. ಅದನ್ನು ಕಟ್ಟಿಕೊಂಡೇ ರೇಷ್ಮೆ ನೂಲು ತೆಗೆಯಬಹುದಿತ್ತು.

ಉಡಿದಾರ ಬಂದದ್ದೇ ಊರಿನ ಡಯಾಲಿಸಿಸ್ ಕೇಂದ್ರಕ್ಕೆ ಬೀಗ ಬಿತ್ತು. ಆಮೇಲೆ ಉಡಿದಾರಗಳು ಸಾಲದೆ, ಅರವತ್ತು ದಾಟಿದವರಿಗೆ ಇಲ್ಲ ಎಂದರು. ಅಕ್ಕಯಮ್ಮನಿಗೆ ಸಿಕ್ಕಿತು. ಅವಳ ಪಕ್ಕ ಕೂತು ನೂಲು ತೆಗೆಯುತ್ತಿದ್ದ ಜೈತುನ್‌ಬಿಗೆ ಸಿಗಲಿಲ್ಲ.

“ಬಸ್ಸಲ್ಲಿ ಸರ್ಕೊಂಡು ಕೂರಲ್ವಾ ಆಪಾ? ಹಂಗೇ. ಒಂದಿನ ನಿಂಗೆ, ಒಂದಿನ ನಂಗೆ. ಅಡ್ಜಸ್ಟ್ ಮಾಡ್ಕೊಳಾಣ,” ಎಂದಳು ಅಕ್ಕಯಮ್ಮ.

“ನನ್ ಸೊಂಟಕ್ಕೆ ಎಟಕಬೇಕಲ್ಲೇ!” ಎಂದು ಜೈತುನ್‌ಬಿ ನಕ್ಕಳು. ಆಮೇಲೆ ಅತ್ತಳು.

ಯಂತ್ರ ಕಂಡುಹಿಡಿದ ಡಾ. ವಸುಮತಿ, ಯಾರು ಕಟ್ಟಿಕೊಂಡರೂ ಅದು ಕೆಲಸ ನಿಲ್ಲಿಸದಂತೆ ಮಾಡಿದ್ದರು. ಅದು ಅವರ ಕರುಣೆ. ಆದರೆ ಯಂತ್ರ ತನ್ನ ಒಡತಿಯ ಮೈಮೇಲಿದ್ದ ಹೊತ್ತನ್ನು ಮಾತ್ರ ರಾಜಧಾನಿಯ ಗಣಕಕ್ಕೆ ತಿಳಿಸುತ್ತಿತ್ತು. ಒಂದು ವರ್ಷ ನೋಡಿದ ಗಣಕ, ಈ ಹೆಂಗಸು ಅರ್ಧ ಚಿಕಿತ್ಸೆಯಲ್ಲೇ ಬದುಕಿದ್ದಾಳೆ, ಎಲ್ಲರಿಗೂ ಅರ್ಧ ಸಾಕು ಎಂದಿತು. ಅಧಿಕಾರಿಗಳು ಹಿಗ್ಗಿದರು. ವಸುಮತಿಯವರಿಗೆ ನಂಬಿಕೆ ಬರದೆ ತಾವೇ ಶಿಡ್ಲಘಟ್ಟಕ್ಕೆ ಬಂದರು.

“ಅರ್ಧದಲ್ಲೇ ಹೇಗಮ್ಮಾ ಬದುಕಿದ್ದೀರಿ?”

ಅಕ್ಕಯಮ್ಮ ಊದಿದ ಕಾಲುಗಳನ್ನು ಸೆರಗಿನಿಂದ ಮುಚ್ಚಿಕೊಂಡಳು. ಒಳಕೋಣೆಯಲ್ಲಿ ಗುರುಗುರು ಸದ್ದು.

“ಬೆಕ್ಕು, ಮೇಡಂ.”

“ಆ ಬೆಕ್ಕನ್ನ ಸಾಕಿದವಳು ನಾನೇ,” ಎಂದರು ವಸುಮತಿ. “ನಿಜ ಹೇಳಿ. ಇಲ್ಲದಿದ್ದರೆ ಎಲ್ಲರಿಗೂ ಅರ್ಧ ಮಾಡುತ್ತಾರೆ. ಜನ ಸಾಯುತ್ತಾರೆ.”

“ಹೇಳಿದ್ರೆ?”

“ನಿಮ್ಮಿಂದ ಇದನ್ನ ಕಿತ್ತುಕೊಳ್ಳಬಹುದು.”

ಅಕ್ಕಯಮ್ಮ ಎದ್ದು ಒಳಕೋಣೆಯ ಬಾಗಿಲು ಎಳೆದುಕೊಂಡಳು. ಜೈತುನ್‌ಬಿಯೇ ಉಡಿದಾರ ಸಮೇತ ಹೊರಗೆ ಬಂದಳು. “ಬರ್ಕೊಳಮ್ಮ. ದೇಶದೋರ್ನೆಲ್ಲ ಸಾಯ್ಸಿ ನಾನೊಬ್ಳು ಇದ್ದು ಏನ್ ಮಾಡ್ಲಿ?”

ವಸುಮತಿ ಎಲ್ಲವನ್ನೂ ಬರೆದರು. ಕಾಲೂತವನ್ನೂ ಬರೆದರು.

ಉಡಿದಾರವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅಧಿಕಾರಿಗಳು ಇನ್ನೂ ಹಿಗ್ಗಿದರು. ಒಂದರಲ್ಲಿ ಇಬ್ಬರು ಬದುಕುತ್ತಾರೆಂದ ಮೇಲೆ ಒಬ್ಬರಿಗೊಂದು ಯಾಕೆ? ದೇಶದ ಅರ್ಧ ಉಡಿದಾರಗಳನ್ನು ವಾಪಸು ತರಿಸಿಕೊಂಡು, ಉಳಿದವಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡಿದರು. ಅರವತ್ತು ದಾಟಿದವರ ನಿಯಮ ಹಾಗೆಯೇ ಉಳಿಯಿತು. ಜೈತುನ್‌ಬಿಯೊಬ್ಬಳಿಗೆ ವಿನಾಯಿತಿ, ಪ್ರಚಾರದ ಫೋಟೋಗೆ ಬೇಕಿತ್ತಲ್ಲ.

ಬಸ್ ನಿಲ್ದಾಣದಲ್ಲಿ ದೊಡ್ಡ ಫಲಕ ಎದ್ದಿತು. ಅದರಲ್ಲಿ ಅವರಿಬ್ಬರು ನಗುತ್ತಿದ್ದರು. ಕೆಳಗೆ, ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳೋಣ.’

“ಮುಖ ಎಂಗ್ ತುಂಬ್ಕೊಂಡೈತೆ ನೋಡು ಅಂತಾರೆ ಜನ,” ಎಂದಳು ಜೈತುನ್‌ಬಿ.

“ಊತ ಆಪಾ ಅದು.”

“ನಂಗೊತ್ತಿಲ್ವೇನೆ?”

ಫೋಟೋದಲ್ಲಿ ಕಾಲು ಬಂದಿರಲಿಲ್ಲ.