ತಳ ಸೇರಿದ ನಾಣ್ಯ

ಕೊಯ್ಲು ಮುಗಿದು ಒಕ್ಕಣೆ ನಡೆಯುತ್ತಿದ್ದ ಕಾಲ. ಬೆಳಗಾಗುವಾಗಲೇ ಗಾಳಿ ಎದ್ದಿತ್ತು. ಊರ ಸುತ್ತಲಿನ ಹೊಲಗಳಿಂದ ಹೊಟ್ಟು ಹಾರಿಬಂದು ರಸ್ತೆ, ಅಂಗಡಿ ಬಾಗಿಲು, ಜನರ ಹುಬ್ಬು, ಎಲ್ಲದರ ಮೇಲೂ ಹಳದಿ ಪುಡಿಯಾಗಿ ಕೂರುತ್ತಿತ್ತು. ಹಲ್ಲಿನ ಆಸ್ಪತ್ರೆಯ ಜಗಲಿಯ ಬೆಂಚು ಆಗಲೇ ತುಂಬಿತ್ತು. ಕೆನ್ನೆಗೆ ಟವೆಲ್ ಒತ್ತಿಕೊಂಡವರು, ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುವವರು, ಜೊತೆಗೆ ಬಂದು ಸುಮ್ಮನೆ ಆಕಳಿಸುವವರು.

ಆಯಾ ನೆಲ ಒರೆಸುತ್ತ ಹಿಂದಿನ ಸಂಶೋಧನಾ ಕೋಣೆಯ ಬಾಗಿಲು ತೆಗೆದಳು. ಅಂಗಾಲಿಗೆ ತಣ್ಣನೆ ನೀರು ತಾಗಿತು. ದೊಡ್ಡ ಫ್ರೀಜರಿನ ಬಾಗಿಲು ಹಾರುಹೊಡೆದಿತ್ತು. ಅದರ ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿತ್ತು. ಕಿಟಕಿಯ ಗಾಜು ಒಡೆದಿತ್ತು.

"ಅಯ್ಯೋ, ಉಗುಳೆಲ್ಲ ಕರಗಿಹೋಯ್ತು!" ಅವಳು ಕೂಗಿದ್ದು ಜಗಲಿಯವರೆಗೂ ಕೇಳಿಸಿತು.

"ಉಗುಳು ಇನ್ನೇನು ಕಲ್ಲಾಗಿ ಕೂತ್ಕೊಳ್ತದಾ?" ಎಂದ ಬೆಂಚಿನ ಮೇಲಿದ್ದ ಒಬ್ಬ ಮುದುಕ. ಅವನು ಹೊಸಬ. ಉಳಿದವರು ಯಾರೂ ನಗಲಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನರ ಉಗುಳು ಆ ಫ್ರೀಜರಿನ ಪುಟ್ಟ ನಳಿಗೆಗಳಲ್ಲಿತ್ತು.

* * *

ಇನ್ಸ್‌ಪೆಕ್ಟರ್ ಅಂದು ಹಲ್ಲುಜ್ಜುವಾಗ ತೊಟ್ಟಿಯಲ್ಲಿ ಕೆಂಪು ಎಳೆ ಕಂಡಿದ್ದಳು. ಮೊದಲ ಸಲವೇನಲ್ಲ. ನೀರು ಬಿಟ್ಟು ತೊಳೆದು ಬಂದಿದ್ದಳು. ಜೀಪಿನಲ್ಲಿ ಬರುವಾಗಲೂ ನಾಲಿಗೆ ಮತ್ತೆ ಮತ್ತೆ ರಕ್ತ ಬಂದ ವಸಡಿಗೇ ಹೋಗುತ್ತಿತ್ತು. ಪಕ್ಕದಲ್ಲಿ ಕೂತ ಹೆಡ್ ಕಾನ್‌ಸ್ಟೇಬಲ್ಲನ ಬಲಗೆನ್ನೆ ಊದಿತ್ತು.

"ಬಂದಿದ್ದೇ ಬಂದ್ರಿ, ಹಲ್ಲು ತೋರಿಸ್ಕೊಂಡು ಬಿಡಿ ಮಾಮ."

"ಕಳ್ಳನ್ನ ಹಿಡಿಯೋಕೆ ಬಂದಿದ್ದು ಮೇಡಂ. ನಾನು ಸಿಕ್ಕಿಹಾಕ್ಕೊಳ್ಳೋಕಲ್ಲ."

ಕೋಣೆಯನ್ನು ಅವಳು ನಿಧಾನವಾಗಿ ಸುತ್ತಿದಳು. ಒಡೆದ ಕಿಟಕಿಯ ಹತ್ತಿರ ನಿಂತಳು. ಕಿಟಕಿಯ ಕಟ್ಟೆಯ ಮೇಲೆ ಹೊಟ್ಟಿನ ಧೂಳು ದಪ್ಪಗೆ ಕೂತಿತ್ತು. ಗಾಜಿನ ಚೂರು ಬಿದ್ದ ಗುರುತು ಬಿಟ್ಟರೆ ಕೈಯಿಟ್ಟ ಗುರುತಿಲ್ಲ, ಕಾಲಿಟ್ಟ ಗುರುತಿಲ್ಲ.

"ಇಲ್ಲಿಂದ ಬೆಕ್ಕೂ ಒಳಗೆ ಬಂದಿಲ್ಲ ಮಾಮ."

"ಹಾಗಾದ್ರೆ ಬಾಗಿಲಿಂದ. ಬೀಗ ಸರಿಯಾಗಿದೆ. ಕೀಲಿ ಇರೋರು."

ಮೂಲೆಯಲ್ಲಿ ಕೆಂಪು ಕಸದ ಡಬ್ಬವಿತ್ತು. ಸಂಜೆ ಹೋಗುವ ಮುಂಚೆ ಅದನ್ನು ಖಾಲಿ ಮಾಡಿದ್ದೇನೆ ಎಂದು ಆಯಾ ಹೇಳಿದಳು. ಈಗ ತಳದಲ್ಲಿ ಒಂದು ಜೊತೆ ಬಿಳಿ ರಬ್ಬರ್ ಗ್ಲೌಸ್ ಬಿದ್ದಿತ್ತು. ಹತ್ತು ಬೆರಳಿನ ತುದಿಗಳನ್ನೂ ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ಇನ್ಸ್‌ಪೆಕ್ಟರ್ ಅದನ್ನು ಚೀಲಕ್ಕೆ ಹಾಕಿಸಿದಳು.

* * *

ಆಸ್ಪತ್ರೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ನರೆತ ತಲೆ, ಮೆದು ಮಾತು. ಅರ್ಧ ತಾಲೂಕಿನ ಜನ ಅವರ ಮುಂದೆ ಬಾಯಿ ತೆರೆದವರು. ತಮ್ಮ ಕೋಣೆಯಲ್ಲಿ ಅವಳನ್ನು ಕೂರಿಸಿ ಚಹಾ ತರಿಸಿದರು. ಗೋಡೆಗೆ ಹೊಸ ಫೋಟೋ ಒಂದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಅದರಲ್ಲಿ ಅವರು ಅತಿಥಿಗಳ ನಡುವೆ, ಯಾವುದೋ ಯಂತ್ರದ ಮೇಲೆ ಕೈಯಿಟ್ಟು ನಗುತ್ತಿದ್ದರು.

"ಹಲ್ಲುಪುಡಿಯವನನ್ನ ವಿಚಾರಿಸಿ," ಎಂದರು. "ಅವನ ಪುಡಿ ವಸಡನ್ನ ಸವೆಸ್ತದೆ ಅಂತ ನಮ್ಮ ಕಿರಿಯ ಡಾಕ್ಟರ್ ಹುಡುಗಿ ಹಳ್ಳಿಹಳ್ಳಿಯಲ್ಲಿ ಹೇಳ್ತಾಳೆ. ನಿನ್ನೆ ಸಂಜೆ ಗೇಟಿನ ಹತ್ತಿರ ಬಂದು ಕೂಗಾಡಿದ. ನಿಮ್ಮ ಉಗುಳಿನ ಅಂಗಡಿ ಮುಚ್ಚಿಸ್ತೀನಿ ಅಂದ."

"ಏನು ನಷ್ಟ ಆಯ್ತು ಸರ್?"

"ಎಲ್ಲ. ನಾಳೆ ದೊಡ್ಡ ಊರಿನಿಂದ ಪರೀಕ್ಷೆಯವರು ಮಾದರಿ ಒಯ್ಯೋಕೆ ಬರೋರಿದ್ರು. ಈಗ ಆಡಳಿತ ಮಂಡಳಿ ಈ ಸಂಶೋಧನೇನೇ ನಿಲ್ಲಿಸ್ತದೆ. ಪಾಪ, ಫ್ರೀಜರಿನ ಜವಾಬ್ದಾರಿ ಆ ಹುಡುಗಿಯದು. ಅವಳ ಕೆಲಸ ಉಳಿಯೋದು ಕಷ್ಟ."

ಪಾಪ ಎನ್ನುವಾಗ ಅವರು ಲೋಟದೊಳಗೆ ನೋಡುತ್ತಿದ್ದರು.

ಹಲ್ಲುಪುಡಿಯವನು ಅಂಗಡಿಯಲ್ಲೇ ಸಿಕ್ಕಿದ. ಕೂಗಾಡಿದ್ದನ್ನು ಒಪ್ಪಿಕೊಂಡ. "ಕೂಗಿದೆ. ನಾಳೇನೂ ಕೂಗ್ತೀನಿ. ನಮ್ಮಪ್ಪನ ಕಾಲದ ಪುಡಿ. ಆದ್ರೆ ರಾತ್ರಿ ಪೂರ್ತಿ ಭಾವನ ಕಣದಲ್ಲಿ ಒಕ್ಕಣೆ ಯಂತ್ರಕ್ಕೆ ಕಂತೆ ಕೊಡ್ತಿದ್ದೆ. ನೋಡಿ, ಕೆಮ್ಮಿದರೂ ಹೊಟ್ಟು ಬರ್ತದೆ." ಕಣದಲ್ಲಿದ್ದವರೆಲ್ಲ ಅದನ್ನೇ ಹೇಳಿದರು.

"ಈ ಗ್ಲೌಸ್ ನಿಮ್ಮದಾ?"

ಅವನು ಕತ್ತರಿಸಿದ ಬೆರಳುಗಳನ್ನು ನೋಡಿದ. "ಚೆನ್ನಾಗಿರೋ ಮಾಲನ್ನ ಕತ್ತರಿಸಿ ಎಸೀತಾರಾ ಯಾರಾದ್ರೂ? ತೊಳೆದ್ರೆ ಇನ್ನೂ ನಾಲ್ಕು ಸಲ ಬರ್ತದೆ!"

ಹೊರಗೆ ಬಂದ ಮೇಲೆ ಹೆಡ್ ಕಾನ್‌ಸ್ಟೇಬಲ್ ಹೇಳಿದ, "ಇವನಲ್ಲ ಮೇಡಂ. ಇವನು ಕೊಲೆ ಮಾಡಿದ್ರೂ ಚಾಕು ತೊಳೆದು ತರಕಾರಿಗೆ ಇಟ್ಕೊಳ್ಳೋ ಪೈಕಿ."

* * *

ವಾಪಸ್ ಬಂದಾಗ ಆಸ್ಪತ್ರೆಯ ಮುಂದೆ ಹಳ್ಳಿಯ ಬಸ್ಸು ನಿಂತಿತ್ತು. ಇಳಿದವಳು ಇನ್ಸ್‌ಪೆಕ್ಟರ ಅಕ್ಕ. ಅವಳ ಹಿಂದೆ ತೆಳ್ಳನೆಯ ಯುವತಿ, ಹೆಗಲಿಗೆ ಮಾದರಿ ತುಂಬುವ ಡಬ್ಬಿ. ವಸಡಿನ ರೋಗದ ಕಿರಿಯ ಡಾಕ್ಟರು. ಹಳ್ಳಿಯ ಹೆಂಗಸರ ಬಾಯಲ್ಲಿ ವಸಡಕ್ಕ.

"ರಾತ್ರಿ ಎಲ್ಲಿದ್ರಿ ನೀವು?" ಇನ್ಸ್‌ಪೆಕ್ಟರ್ ಯುವತಿಯನ್ನು ಕೇಳಿದಳು.

"ನನ್ನ ಮನೇಲಿ!" ಎಂದಳು ಅಕ್ಕ. "ನನ್ನ ಪಕ್ಕದಲ್ಲೇ ಮಲಗಿತ್ತು ಮಗು. ಅವಳನ್ನೇ ಕೇಳ್ತೀಯಲ್ಲೇ ಪುಟ್ಟಿ? ನನ್ನ ಮುಂದಿನ ಹಲ್ಲು ನಾಲ್ಕೂ ಉಳಿಸಿದ್ದು ಯಾರು? ನೀನಾ?"

"ಅಕ್ಕ, ನಾನು ಡ್ಯೂಟಿಯಲ್ಲಿದ್ದೀನಿ."

"ಡ್ಯೂಟಿಯಲ್ಲಿದ್ರೆ ತಂಗಿ ಅಲ್ವಾ?"

ವಸಡಕ್ಕ ಆ ಮಾತು ಯಾವುದನ್ನೂ ಕೇಳಲಿಲ್ಲ. ಜಗಲಿಯಿಂದ ಆಯಾ ಕೂಗಿ ಹೇಳಿದ್ದು ಕಿವಿಗೆ ಬಿದ್ದದ್ದೇ ಹಿಂದಿನ ಕೋಣೆಗೆ ಓಡಿದಳು. ನಳಿಗೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದಳು. ಒಳಗಿನ ಉಗುಳೆಲ್ಲ ನೀರಾಗಿ ಅಲುಗಾಡಿತು. ಅವಳು ಅಳಲಿಲ್ಲ. ಸ್ಟೂಲಿನ ಮೇಲೆ ಕುಸಿದಳು.

"ಮತ್ತೆ ಉಗುಳಿಸಿಕೊಂಡ್ರೆ ಆಗಲ್ವಾ?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು.

"ಆಗಲ್ಲ ಮೇಡಂ. ವಸಡಿನ ಒಳಗೆ ಮೂಳೆ ಕರಗೋಕೆ ಶುರುವಾದಾಗ ಕಣ್ಣಿಗೆ ಏನೂ ಕಾಣಲ್ಲ. ಉಗುಳಿನಲ್ಲಿ ಅದರ ಸುಳಿವು ಇರ್ತದೆ. ಅದನ್ನ ಹಿಡಿಯೋ ಪರೀಕ್ಷೆ ಸಿಕ್ಕಿದ್ರೆ ಹಲ್ಲು ಅಲ್ಲಾಡೋಕೆ ಮುಂಚೇನೇ ರೋಗ ಗೊತ್ತಾಗ್ತದೆ. ಇವೆಲ್ಲ ಚಿಕಿತ್ಸೆಗೆ ಮುಂಚೆ ತಗೊಂಡಿದ್ದು. ಈಗ ನಿಮ್ಮ ಅಕ್ಕನ ವಸಡು ವಾಸಿಯಾಗಿದೆ. ಆ ರೋಗದ ಉಗುಳು ಈಗ ಅವರ ಬಾಯಲ್ಲಿ ಇಲ್ವಲ್ಲ."

ಅಕ್ಕ ತಪ್ಪು ಮಾಡಿದವಳಂತೆ ಬಾಯಿಗೆ ಸೆರಗು ಹಿಡಿದಳು.

ಇನ್ಸ್‌ಪೆಕ್ಟರ್ ಗ್ಲೌಸ್ ತೋರಿಸಿದಳು.

"ಇನ್ನೊಬ್ಬರು ಮತ್ತೆ ಬಳಸಬಾರದು ಅಂತ ತುದಿ ಕತ್ತರಿಸಿ ಕೆಂಪು ಡಬ್ಬಕ್ಕೆ ಹಾಕ್ತೀವಿ," ಎಂದಳು ವಸಡಕ್ಕ. "ಕೈಗೆ ಹತ್ತಿದ ಅಭ್ಯಾಸ. ಆದ್ರೆ ಇದು ಈ ಕೋಣೆಯದಲ್ಲ. ಬಿಳಿದು ಹಾಕಿದ್ರೆ ನನಗೆ ಕೈ ಕೆರೀತದೆ. ಇಲ್ಲಿ ನೀಲಿ ಮಾತ್ರ."

"ಬಿಳಿ ಎಲ್ಲಿರ್ತದೆ?"

ವಸಡಕ್ಕ ನಳಿಗೆಗಳತ್ತ ತಿರುಗಿದಳು. ಉತ್ತರ ಆಯಾ ಕೊಟ್ಟಳು. "ದೊಡ್ಡ ಡಾಕ್ಟರ ಕೋಣೇಲಿ. ಆದ್ರೆ ಆ ಡಬ್ಬಿಗೆ ಯಾರು ಬೇಕಾದ್ರೂ ಕೈ ಹಾಕಬಹುದಮ್ಮ."

ಅದೂ ನಿಜ. ಒಂದು ಜೊತೆ ಗ್ಲೌಸಿನಿಂದ ಯಾರನ್ನೂ ಕಟ್ಟಿಹಾಕಲಾಗದು. ಇನ್ಸ್‌ಪೆಕ್ಟರ್ ಮತ್ತೆ ಫ್ರೀಜರಿನೊಳಗೆ ಬಗ್ಗಿದಳು. ಒಳಮೂಲೆಯಲ್ಲಿ, ಸ್ಟ್ಯಾಂಡುಗಳ ಹಿಂದೆ, ದಪ್ಪ ಪ್ಲಾಸ್ಟಿಕ್ ಜಾಡಿಯೊಂದಿತ್ತು. ಮೇಲೆ ಸ್ವಲ್ಪ ನೀರು ಬಿಟ್ಟಿತ್ತು. ಕೆಳಗೆ ಇನ್ನೂ ಕಲ್ಲಿನಂಥ ಮಂಜುಗಡ್ಡೆ. ಆ ಗಡ್ಡೆಯ ಅಡಿಯಲ್ಲಿ, ತಳಕ್ಕೆ ಅಂಟಿದಂತೆ, ಒಂದು ನಾಣ್ಯ.

"ಇದೇನು?"

"ಓ, ಅದು ನನ್ನದು. ಫ್ರೀಜರ್ ಹಳೇದು. ಕರೆಂಟ್ ಹೋದ್ರೆ ಬಡಿಯೋ ಗಂಟೆ ಯಾವತ್ತೋ ಕೆಟ್ಟಿದೆ. ಅದಕ್ಕೆ ನೀರು ಗಟ್ಟಿಯಾದ ಮೇಲೆ ಒಂದು ನಾಣ್ಯ ಇಟ್ಟಿದ್ದೆ. ನಾವಿಲ್ಲದಾಗ ಕರಗಿ ಮತ್ತೆ ಗಟ್ಟಿಯಾದ್ರೆ ಗೊತ್ತಾಗಲಿ ಅಂತ. ನಾಣ್ಯ ಮೇಲೇ ಇದ್ರೆ..."

ಅವಳ ಮಾತು ನಿಂತಿತು. ಜಾಡಿಯನ್ನು ಕಸಿದುಕೊಂಡು ತಿರುಗಿಸಿ ನೋಡಿದಳು.

"ಗಡ್ಡೆ ಇನ್ನೂ ಪೂರ್ತಿ ಕರಗಿಲ್ಲ. ನಾಣ್ಯ ಅದರ ಕೆಳಗೆ ಹೇಗೆ ಹೋಯ್ತು ಮೇಡಂ?"

"ನಿನ್ನೆ ರಾತ್ರಿ ಹೋಗಿಲ್ಲ," ಎಂದಳು ಇನ್ಸ್‌ಪೆಕ್ಟರ್. "ಯಾವತ್ತೋ ಪೂರ್ತಿ ನೀರಾಗಿದೆ. ಆಗ ಮುಳುಗಿದೆ. ಆಮೇಲೆ ಯಾರೋ ಸದ್ದಿಲ್ಲದೆ ಮತ್ತೆ ಗಟ್ಟಿ ಮಾಡಿದ್ದಾರೆ. ನೀವು ಇದನ್ನ ಕೊನೇ ಸಲ ನೋಡಿದ್ದು ಯಾವಾಗ?"

"ಕೊಯ್ಲಿನ ರಜಕ್ಕೆ ಮುಂಚೆ, ತಿಂಗಳ ಮೇಲಾಯ್ತು. ಆಮೇಲೆ ಹಳ್ಳಿ ಸುತ್ತೋದ್ರಲ್ಲೇ... ಮುಂದಿನ ಸ್ಟ್ಯಾಂಡಲ್ಲಿ ನಳಿಗೆ ಇಟ್ಟು ಓಡ್ತಿದ್ದೆ. ನಾನೇ ಇಟ್ಟ ನಾಣ್ಯನ ನಾನೇ ನೋಡ್ಲಿಲ್ಲ."

* * *

ಗಾಳಿ ಇನ್ನೂ ಜೋರಾಯಿತು. ಒಡೆದ ಕಿಟಕಿಯಿಂದ ಹೊಟ್ಟು ಒಳನುಗ್ಗುತ್ತಿತ್ತು. ಇನ್ಸ್‌ಪೆಕ್ಟರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಲಿಗೆ ವಸಡಿಗೆ ಹೋಯಿತು. ಉಪ್ಪುಪ್ಪು ರುಚಿ. ಕೋಣೆಯಲ್ಲಿ ಅತ್ತಿಂದಿತ್ತ ನಡೆದಳು. ಗೋಡೆಯಲ್ಲಿ ದಪ್ಪ ಪ್ಲಗ್ಗಿನ ಸಾಕೆಟ್ ಒಂದೇ ಒಂದು.

"ಈ ಸಾಕೆಟ್ ಇನ್ನು ಯಾವುದಕ್ಕಾದ್ರೂ ಬೇಕಾಗ್ತದಾ?"

"ಹೊಸ ಮೆಷಿನ್ನಿಗೆ," ಎಂದಳು ಆಯಾ. "ಬಾಯೊಳಗೆಲ್ಲ ಫೋಟೋ ಹಿಡೀತದಲ್ಲ, ಅದು. ರಜದ ಹಿಂದಿನ ದಿನ ಅತಿಥಿಗಳು ಬಂದಾಗ ಇಲ್ಲೇ ಇಟ್ಟು ತೋರಿಸಿದ್ರು. ಆಮೇಲೆ ಎಲ್ಲರೂ ಊಟಕ್ಕೆ ಹೋದ್ರು. ದೊಡ್ಡ ಡಾಕ್ಟರೇ ಬೀಗ ಹಾಕಿದ್ರು. ರಜ ಮುಗಿದ ದಿನ ನನಗಿಂತ ಮುಂಚೆ ಬಂದು ಈ ಕೋಣೆ ನೆಲಾನೂ ಅವರೇ ಒರೆಸಿಬಿಟ್ಟಿದ್ರಮ್ಮ! ಎಷ್ಟು ದೊಡ್ಡ ಮನುಷ್ಯ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ನೇರ ದೊಡ್ಡ ಡಾಕ್ಟರ ಕೋಣೆಗೆ ನಡೆದಳು. ಗೋಡೆಯ ಫೋಟೋವನ್ನು ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ನಗು, ಯಂತ್ರ, ಯಂತ್ರದಿಂದ ಗೋಡೆಗೆ ಹೋದ ದಪ್ಪ ವೈರು. ಅವರ ಹೆಗಲ ಹಿಂದೆ ಫ್ರೀಜರ್. ಕರೆಂಟ್ ಇದ್ದರೆ ಸದಾ ಉರಿಯಬೇಕಾದ ಅದರ ಹಸಿರು ದೀಪ ಆರಿತ್ತು.

"ಒಳ್ಳೇ ಫೋಟೋ ಸರ್. ಚೌಕಟ್ಟು ಹಾಕಿಸುವಾಗ ಹಿಂದೆ ನೋಡ್ಲಿಲ್ಲ ಅಂತ ಕಾಣ್ತದೆ."

ದೊಡ್ಡ ಡಾಕ್ಟರು ಏಳಲು ಹೋಗಿ ಮತ್ತೆ ಕೂತರು.

"ನಾನು ಹೇಳ್ತೀನಿ. ತಪ್ಪಿದ್ರೆ ತಿದ್ದಿ. ಮೆಷಿನ್ ತೋರಿಸೋಕೆ ಫ್ರೀಜರಿನ ಪ್ಲಗ್ ತೆಗೆದ್ರಿ. ವಾಪಸ್ ಹಾಕೋದು ಮರೆತು ಬೀಗ ಹಾಕಿದ್ರಿ. ರಜ ಪೂರ್ತಿ ಅದು ಸತ್ತು ಬಿದ್ದಿತ್ತು. ಬಂದು ನೋಡಿದಾಗ ನೆಲದ ಮೇಲೆ ನೀರು. ಒರೆಸಿ, ಪ್ಲಗ್ ಹಾಕಿ ಸುಮ್ಮನಾದ್ರಿ. ಉಗುಳು ಮತ್ತೆ ಗಟ್ಟಿಯಾಯ್ತು. ನೋಡೋಕೆ ಮೊದಲಿನ ಹಾಗೇ. ಆದ್ರೆ ನಾಳೆ ಪರೀಕ್ಷೆಯವರು ನೋಡಿದ್ರೆ ಅದು ಕೊಳೆತದ್ದು ಗೊತ್ತಾಗ್ತಿತ್ತು. ನಿನ್ನೆ ಹಲ್ಲುಪುಡಿಯವನು ಕೂಗಾಡಿದ. ನಿಮಗೆ ದಾರಿ ಸಿಕ್ತು. ಕಳ್ಳ ಬಂದ ಹಾಗೆ ಗಾಜು ಒಡೆದ್ರಿ, ಪ್ಲಗ್ ಕಿತ್ರಿ. ಗ್ಲೌಸ್ ಬಿಚ್ಚಿದ ಮೇಲೆ ಮಾತ್ರ ಕೈ ನಿಮ್ಮ ಮಾತು ಕೇಳ್ಲಿಲ್ಲ. ಕತ್ತರಿ ಹುಡುಕ್ತು, ಕೆಂಪು ಡಬ್ಬ ಹುಡುಕ್ತು. ಜೀವನಪೂರ್ತಿ ಮಾಡಿದ್ದಲ್ವಾ? ಆ ಜಾಡಿ ಏನು ಅಂತ ನಿಮಗೆ ಗೊತ್ತಿರ್ಲಿಲ್ಲ. ಬರೀ ನೀರಿನ ಜಾಡಿ ಅಂದ್ಕೊಂಡಿರಬೇಕು."

ಅವರು ಫೋಟೋವನ್ನು ಅವಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದರು. ಆಮೇಲೆ ಹೇಳಿದರು, "ಮರೆವು ಅಷ್ಟೇ ಮೇಡಂ. ಒಂದು ಪ್ಲಗ್ಗು. ಈ ವಯಸ್ಸಲ್ಲಿ ಅದನ್ನ ಎಲ್ಲರ ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲ."

ಬಾಗಿಲಲ್ಲಿ ವಸಡಕ್ಕ ನಿಂತಿದ್ದಳು. "ಆವತ್ತೇ ಹೇಳಿದ್ರೆ ಇನ್ನೂ ಚಿಕಿತ್ಸೆ ಶುರುವಾಗದವರು ಎಷ್ಟೋ ಜನ ಇದ್ರು ಸರ್. ಅವರಿಂದ ಮತ್ತೆ ತಗೋತಿದ್ದೆ. ನೀವು ಸುಮ್ಮನಿದ್ದ ದಿನಗಳಲ್ಲೇ ಅವರ ವಸಡು ವಾಸಿಯಾಯ್ತು. ನಾನೇ ವಾಸಿ ಮಾಡಿದೆ."

ಹೆಡ್ ಕಾನ್‌ಸ್ಟೇಬಲ್ ಬಹಳ ಮರ್ಯಾದೆಯಿಂದಲೇ, "ಬನ್ನಿ ಸರ್," ಎಂದ.

* * *

ಮಂಡಳಿಯವರು ವಸಡಕ್ಕನ ಕೆಲಸ ಉಳಿಸಿದರು. ಸಂಶೋಧನೆ ಮಾತ್ರ ಮೊದಲಿನಿಂದ ಶುರುವಾಗಬೇಕು, ಅದೂ ಚಿಕಿತ್ಸೆ ಪಡೆಯದ ಹೊಸ ಜನ ಸಿಕ್ಕಿದರೆ. ಒಕ್ಕಣೆ ನಡೆಯುವಾಗ ಹೊಲ ಬಿಟ್ಟು ಉಗುಳಲು ಯಾರು ಬರುತ್ತಾರೆ?

"ನಮ್ಮವಳೇ ಒಬ್ಬಳಿದ್ದಾಳೆ," ಎಂದಳು ಅಕ್ಕ. "ಮೊನ್ನೆ ಅವಳ ಮನೆಗೆ ಹೋಗಿದ್ದೆ, ಬ್ರಷ್ಷಿನ ತುಂಬ ರಕ್ತ. ನಾನು ನೋಡಿಲ್ಲ ಅಂದ್ಕೊಂಡಿದ್ದಾಳೆ."

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕುರ್ಚಿಯಲ್ಲಿ ಕೂತಳು. ವಸಡಕ್ಕ ಗೆರೆ ಕೊರೆದ ತೆಳು ಕಡ್ಡಿಯನ್ನು ವಸಡಿನಂಚಿಗೆ ಇಳಿಸಿ ಆಳ ನೋಡಿದಳು. "ಇದೆ ಮೇಡಂ. ಸುಮಾರು ದಿನದಿಂದ ಇದೆ." ಅವಳ ದನಿಯಲ್ಲಿ ಬೇಸರವೂ ಇತ್ತು, ಮುಚ್ಚಿಡಲಾಗದ ಸಂತೋಷವೂ ಇತ್ತು. ಇನ್ಸ್‌ಪೆಕ್ಟರ್ ನಳಿಗೆಗೆ ಉಗುಳಿದಳು. ಹೊರಗೆ ಬೆಂಚಿನ ತುದಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಕೆನ್ನೆ ಹಿಡಿದುಕೊಂಡು ತನ್ನ ಸರದಿಗೆ ಕಾಯುತ್ತಿದ್ದ. ಅಕ್ಕ ಅವನ ತೋಳು ಬಿಟ್ಟಿರಲಿಲ್ಲ.

ಹೊಸ ಜಾಡಿಯ ನೀರು ಗಟ್ಟಿಯಾಗಿತ್ತು. ಹಳೆಯ ನಾಣ್ಯ ಸಾಕ್ಷಿಯಾಗಿ ಠಾಣೆಗೆ ಹೋಗಿತ್ತು. ಇನ್ಸ್‌ಪೆಕ್ಟರ್ ತನ್ನ ಜೇಬಿನಿಂದ ಒಂದನ್ನು ತೆಗೆದು ಮಂಜಿನ ಮೇಲಿಟ್ಟಳು.

"ಆಮೇಲೆ ವಾಪಸ್ ಕೊಡ್ತೀನಿ ಮೇಡಂ," ಎಂದಳು ವಸಡಕ್ಕ.

"ಬೇಡ. ಅದು ಮೇಲೆ ಇರೋ ತನಕ ಸಾಲ ಹಾಗೇ ಇರಲಿ. ದಿನಾ ಒಂದ್ಸಲ ನೋಡಿ, ಸಾಕು."

ವಸಡಕ್ಕ ಫ್ರೀಜರಿನ ಬಾಗಿಲು ಒತ್ತಿ ಮುಚ್ಚಿದಳು. ಇಬ್ಬರೂ ಬಗ್ಗಿ ಪ್ಲಗ್ಗನ್ನೊಮ್ಮೆ ನೋಡಿದರು.