ಮಿಡತೆಯ ಹೊಟ್ಟೆಯೊಳಗಿನ ಫೋಟೊ

"ಎಡಗಡೆ ಇರೋದು ಹೋದ ವರ್ಷದ ಫೋಟೊ. ಬಲಗಡೆ ಇರೋದು ಹೋದ ವಾರದ್ದು." ಡಾಕ್ಟರಮ್ಮ ಕಂಪ್ಯೂಟರ್ ಪರದೆಯನ್ನು ಮಿಡತೆ ಮತ್ತು ಅಮ್ಮನತ್ತ ತಿರುಗಿಸಿದರು.

ಮಿಡತೆ ಎರಡನ್ನೂ ನೋಡಿದಳು. ಒಂದೇ ಥರ! ಹಾಗಾದರೆ ಒಂದು ವರ್ಷ ಮಾಡಿದ ಪಥ್ಯ ಏನಾಯ್ತು?

ಮಿಡತೆ ಎನ್ನುವುದು ಅಪ್ಪ ಇಟ್ಟ ಹೆಸರು. ಕಡ್ಡಿಯಂತಿದ್ದು, ನಿಂತಲ್ಲಿ ನಿಲ್ಲದ ಹತ್ತು ವರ್ಷದ ಹುಡುಗಿಗೆ ಇನ್ನೇನು ಹೆಸರಿಡಬೇಕು, ನೀವೇ ಹೇಳಿ. ಅವಳಿಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ ಒಂದು ಚೂರು ಒಳಗೆ ಹೋದರೂ ಕರುಳು ಹಾಳಾಗುತ್ತದೆ. ವಾಸಿಯಾಗಿದೆಯೋ ಇಲ್ಲವೋ ನೋಡಲು ಹೋದ ವಾರ ಎಂಡೋಸ್ಕೋಪಿ ಮಾಡಿದ್ದರು. ಅಂದರೆ, ನಿದ್ದೆ ಬರಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆಯ ಪೈಪನ್ನು ಬಾಯಿಂದ ಒಳಗೆ ಇಳಿಸಿದ್ದರು.

"ಚೆನ್ನಾಗಿರೋ ಕರುಳು ಒಳಗಡೆ ಟವೆಲ್ ಥರ ಎಳೆ ಎಳೆಯಾಗಿರುತ್ತೆ. ಇಲ್ಲಿ ಇನ್ನೂ ಬೋಳು," ಎಂದರು ಡಾಕ್ಟರಮ್ಮ. "ಎಲ್ಲಿಂದಲೋ ಗೋಧಿ ಹೋಗ್ತಾ ಇದೆ. ಮನೇಲಿ ಎಲ್ಲಾನೂ ಸರಿಯಾಗಿ ನೋಡಿ."

ಮನೆ ಬಾಗಿಲು ಹಾಕಿದ್ದೇ ತಡ, ಅಮ್ಮ ಮಿಡತೆಯ ಸ್ಕೂಲ್ ಬ್ಯಾಗನ್ನು ತಲೆಕೆಳಗು ಮಾಡಿ ಸುರಿದಳು.

"ನಿಜ ಹೇಳು. ಏನು ತಿಂತಿದ್ದೀಯಾ? ಬಿಸ್ಕತ್ತಾ? ಕೇಕಾ?"

"ಏನೂ ಇಲ್ಲಮ್ಮಾ! ಒಂದು ವರ್ಷದಿಂದ ಯಾರ ಬರ್ತ್‌ಡೇ ಕೇಕನ್ನೂ ಮುಟ್ಟಿಲ್ಲ!"

"ಮತ್ತೆ ಕ್ಯಾಮೆರಾ ಸುಳ್ಳು ಹೇಳುತ್ತಾ?"

ಮಿಡತೆ ದಡದಡನೆ ಮೆಟ್ಟಿಲಿಳಿದು, ಮನೆ ಕೆಳಗೇ ಇರುವ ಅಪ್ಪನ ಪುಸ್ತಕ ಬೈಂಡಿಂಗ್ ಅಂಗಡಿಗೆ ಓಡಿದಳು. ಅಪ್ಪನಾದರೂ ನಂಬುತ್ತಾನೆ.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಕೈಯಲ್ಲಿದ್ದ ರಟ್ಟನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದ, "ಒಂದೇ ಒಂದು ಸಲಾನೂ ಇಲ್ವಾ ಪುಟ್ಟಾ? ಬೈಯಲ್ಲ, ಹೇಳು."

ಅಯ್ಯೋ, ಇವನೂ! ಮಿಡತೆಗೆ ಅಳುವೂ ಬಂತು, ಸಿಟ್ಟೂ ಬಂತು. ಮಾತೇ ಬೇಡ ಎಂದು ಮುಖ ತಿರುಗಿಸಿ, ದಿನಾ ಸಂಜೆ ಮಾಡುವ ಕೆಲಸಕ್ಕೆ ಕೂತಳು. ಬೋಗುಣಿಯಿಂದ ಬೆರಳಲ್ಲಿ ಅಂಟು ತೆಗೆದಳು. ಪುಸ್ತಕದ ಬೆನ್ನಿಗೆ ಸವರಿದಳು. ಹೆಬ್ಬೆರಳಿಗೆ ಎಂಜಲು ಹಚ್ಚಿ ಹಾಳೆಗಳನ್ನು ಬಿಡಿಸಿದಳು. ಮತ್ತೆ ಅಂಟು, ಮತ್ತೆ ಎಂಜಲು.

"ತೆಗಿ! ಬಾಯಿಂದ ಕೈ ತೆಗಿ!"

ಮಿಡತೆ ಬೆಚ್ಚಿಬಿದ್ದಳು. ಅಪ್ಪ ಹಾಗೆ ಕಿರುಚಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ಬೋಗುಣಿಯನ್ನು ನೋಡಿದ, ಅವಳ ಹೆಬ್ಬೆರಳನ್ನು ನೋಡಿದ.

"ಏನಾಯ್ತು? ಯಾಕೆ ಕೂಗಿದ್ರಿ?" ಅಮ್ಮ ಓಡಿಬಂದಳು.

"ಈ ಅಂಟು..." ಅಪ್ಪ ಬೋಗುಣಿಯತ್ತ ಬೆರಳು ತೋರಿಸಿದ. "ಇದನ್ನ ನಾನು ಕುದಿಸೋದು ಮೈದಾಹಿಟ್ಟಿನಲ್ಲಿ ಕಣೇ. ಮೈದಾ ಅಂದ್ರೆ ಗೋಧೀನೇ ಅಲ್ವಾ! ಎಂಜಲು ಹಚ್ಚಿ ಹಾಳೆ ಬಿಡಿಸೋದು ಕಲಿಸಿದವನೂ ನಾನೇ. ಅವಳು ಕದ್ದು ತಿಂದಿಲ್ಲ. ನಾನೇ ದಿನಾ ತಿನ್ನಿಸಿದೀನಿ."

ಅಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬದಲಾಯಿಸಿದ್ದಳು, ಪಾತ್ರೆಗಳನ್ನೆಲ್ಲ ಬೇರೆ ಮಾಡಿದ್ದಳು. ಅಂಗಡಿಯ ಬೋಗುಣಿಯನ್ನು ಯಾರು ನೆನೆಸಿಕೊಳ್ಳುತ್ತಾರೆ!

"ನಿನ್ನ ಮೇಲೆ ಸುಮ್ಮನೆ ಕೂಗಾಡಿಬಿಟ್ಟೆ ಕಣೇ," ಎಂದು ಅಮ್ಮ ಮಿಡತೆಯ ಕೈ ಹಿಡಿದು ನಲ್ಲಿಗೆ ಎಳೆದೊಯ್ದಳು. ಸೋಪು ಹಚ್ಚಿ ಒಂದೊಂದೇ ಬೆರಳನ್ನು ಉಜ್ಜಿದಳು. ಅವಳ ಕಣ್ಣಲ್ಲಿ ನೀರು.

ನೋಡಿದ್ರಾ, ನಾನು ಹೇಳಲಿಲ್ವಾ ಎಂದು ಈಗ ಜೋರಾಗಿ ಕೂಗಬಹುದಿತ್ತು. ಕೂಗಲೆಂದೇ ಮಿಡತೆ ತಿರುಗಿದಳು. ಅಪ್ಪ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮಿಡತೆಯ ಬಾಯಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ಹಿಂದೆ, ಬೇಕೆಂದು ಮಾಡದ ತಪ್ಪಿಗೆ ತಾನೂ ಹೀಗೇ ಕುಗ್ಗಿಹೋಗಿದ್ದಳಲ್ಲ.

ಒದ್ದೆ ಕೈಯಲ್ಲೇ ಹತ್ತಿರ ಹೋದಳು.

"ಅಪ್ಪಾ, ನಿಂಗೆ ಗೊತ್ತಿರಲಿಲ್ಲ ಅಲ್ವಾ?"

"ನಿಜವಾಗ್ಲೂ ಗೊತ್ತಿರಲಿಲ್ಲ ಪುಟ್ಟಾ."

"ನಂಬ್ತೀನಿ," ಎಂದಳು ಮಿಡತೆ.