ಹನಿ ಬೀಳದೆ ಹೊಳೆದ ಕೋಶಗಳು

"ಅದು ನನ್ನ ಡಿಶ್! ಇಲ್ಲಿಗ್ಯಾಕೆ ತಂದ್ರಿ?"

ಹೊಸಬಳ ಕೋಣೆಯ ಬಾಗಿಲಲ್ಲಿ ನಿಂತವಳ ದನಿಗೆ ಅವನು ಕೋಶ ಬೆಳೆಸುವ ಅಂಗೈಯಗಲದ ತಟ್ಟೆಯನ್ನು ಎದೆಗೊತ್ತಿ ತಿರುಗಿದ. ಮುಚ್ಚಳದ ಮೇಲೆ ಅವಳದೇ ಅಕ್ಷರ. ಅವನ ಪಕ್ಕದಲ್ಲಿ ಹೊಸಬಳು... ತಿಂಗಳ ಹಿಂದಷ್ಟೇ ಪ್ರಯೋಗಾಲಯಕ್ಕೆ ಬಂದವಳು, ಆಗಲೇ ಅವನನ್ನು ನಗಿಸಲು ಕಲಿತವಳು!

ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತರೂ ತನ್ನೆದುರು ಅವನು ಹಾಗೆ ನಕ್ಕದ್ದುಂಟೆ?

"ನಾಳೆ ಹೇಳ್ತೀನಿ. ಒಂದೇ ಒಂದು ದಿನ ಕೊಡಿ," ಎಂದ ಅವನು.

"ಡಿಶ್ ಕದ್ದಾಯ್ತು, ಇನ್ನು ದಿನಾನೂ ಬೇಕಾ?"

ಆ ಕೋಶಗಳೇ ಅವಳ ಉಸಿರು. ಒಳಗಿನ ಒಂದು ಜೀನಿಗೆ ಅವಳು ಸ್ವಿಚ್ಚು ಕೂರಿಸಿದ್ದಳು. ಔಷಧಿಯ ಹನಿ ಬಿದ್ದರೆ ಮಾತ್ರ ಜೀನು ಎಚ್ಚರಗೊಂಡು ಕೋಶ ಕೆಂಪಗೆ ಹೊಳೆಯಬೇಕು. ಆದರೆ ಮೂರು ವಾರದಿಂದ ಹನಿ ಬೀಳದೆಯೂ ಹೊಳೆಯುತ್ತಿದ್ದವು. ಹೇಳಿದ ಮಾತು ಕೇಳದ ಸ್ವಿಚ್ಚು ಯಾರಿಗೆ ಬೇಕು?

'ಸೋತವಳನ್ನು ಬಿಟ್ಟು ಗೆಲ್ಲುವವಳ ಮಗ್ಗುಲು ಸೇರಿಕೊಂಡ...'

ಗಾಜು ತೊಳೆಯುವ ಅಕ್ಕ ಅವಳ ಮುಖ ನೋಡಿ, "ಏನೇ ಸಿಡುಕಿ, ಹೊಟ್ಟೇಲಿ ಇಷ್ಟು ಉರಿ ಇಟ್ಕೊಂಡು ಬರ್ನರ್ ಯಾಕೆ ಹಚ್ತೀಯ?" ಎಂದಳು.

ಅವಳು ನಗಲಿಲ್ಲ. ನೆಟ್ಟಗೆ ದೊಡ್ಡ ಮೇಡಂ ಕೋಣೆಗೆ ನಡೆದಳು.

"ನನ್ನ ಡಿಶ್ ಕದ್ದವರ ಜೊತೆ ಇನ್ನು ನನ್ನಿಂದಾಗಲ್ಲ ಮೇಡಂ. ಅವರನ್ನ ಬೇರೆ ಕಡೆ ಹಾಕಿ."

ಬೆಳಗಾದರೆ ಅವನ ಕುರ್ಚಿ ಖಾಲಿ. ಕೇಳಿದ್ದೇ ಸಿಕ್ಕಿತ್ತಲ್ಲ... ಮತ್ತೆ ಕಣ್ಣು ಯಾಕೆ ಆ ಕುರ್ಚಿಯತ್ತಲೇ ಹೋಗುತ್ತಿದೆ?

ಅಷ್ಟರಲ್ಲಿ ಹೊಸಬಳು ಬಂದು ಅದೇ ತಟ್ಟೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟಳು. "ನೋಡಿ."

ಕತ್ತಲೆ! ಒಂದು ಕೋಶವೂ ಹೊಳೆಯುತ್ತಿಲ್ಲ!

"ಕೋಶ ನಿಮ್ಮವೇ. ಸೀರಮ್ ಮಾತ್ರ ನನ್ನದು."

ಸೀರಮ್ ಎಂದರೆ ಕೋಶಗಳಿಗೆ ಉಣಿಸುವ, ಕರುವಿನ ರಕ್ತದ ತಿಳಿ.

"ನಿಮ್ಮ ಬಾಟಲಿ ಬಂದ ಕಡೆ ದನಗಳಿಗೆ ನಿಮ್ಮ ಸ್ವಿಚ್ಚಿನ ಔಷಧಿಯನ್ನೇ ತಿನ್ನಿಸಿದ್ರಂತೆ. ರಕ್ತದಲ್ಲಿ ಚೂರು ಉಳ್ಕೊಂಡಿತ್ತು. ಸ್ವಿಚ್ಚು ಕೆಟ್ಟಿಲ್ಲ ಕಣ್ರೀ, ಊಟದಲ್ಲೇ ಹನಿ ಬೀಳ್ತಿತ್ತು! ಹದಿನೈದು ದಿನ ಒಂದೊಂದೇ ಬದಲಿಸಿ ಹುಡುಕಿದ್ದು ಅವರು."

"ನನಗೇ ಹೇಳ್ಬಹುದಿತ್ತಲ್ಲ..."

"ಆ ಸೀರಮ್ ಆರಿಸಿದ್ದು ನೀವಂತೆ. ಖಾತ್ರಿಯಾಗದೆ ಹೇಳಿದ್ರೆ ನೊಂದ್ಕೋತಾರೆ ಅಂದ್ರು."

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಮೇಲಿನ ಮಹಡಿಯಲ್ಲಿ ಅವನು ಸಾಮಾನಿನ ಪೆಟ್ಟಿಗೆಯನ್ನು ಬಿಚ್ಚದೆ ಸುಮ್ಮನೆ ಕೂತಿದ್ದ.

"ತಪ್ಪಾಯ್ತು... ಹೊಟ್ಟೆಕಿಚ್ಚಿಗೆ ಹೋಗಿ ಚಾಡಿ ಹೇಳ್ಬಿಟ್ಟೆ."

"ಒಂದು ಡಿಶ್ಶಿಗೆ ಅಷ್ಟೊಂದಾ?"

"ಡಿಶ್ಶಿಗೆ ಯಾರಾದ್ರೂ ಅಳ್ತಾರಾ! ನೀವು ಅವಳ ಜೊತೆ ನಕ್ಕಿದ್ದಕ್ಕೆ!" ಅವಳ ಕೆನ್ನೆಯ ಮೇಲೆ ನೀರಿಳಿಯಿತು.

ಅವನು ಕಿವಿಯವರೆಗೂ ಕೆಂಪಾದ. "ನಗದೆ ಏನ್ಮಾಡ್ಲಿ? ದಿನಾ ಅವರದು ಒಂದೇ ಪ್ರಶ್ನೆ. 'ನಿಮ್ಮ ಸಿಡುಕಿಗೆ ಯಾವಾಗ ಹೇಳ್ತೀರಿ?' ಅಂತ."

"ಏನನ್ನ?"

"ಕೋಪ ಮಾಡ್ಕೊಳ್ಳಲ್ಲ ತಾನೆ?"

"ಮಾಡ್ಕೋತೀನಿ. ಆದ್ರೂ ಹೇಳಿ."

"ನಿಮ್ಮ ಪಕ್ಕದಲ್ಲೇ ಇರ್ಬೇಕು ನಾನು... ಬೆಂಚಲ್ಲಿ ಮಾತ್ರ ಅಲ್ಲ. ಬದುಕಿರೋವರೆಗೂ."

ಅವಳು ಕಣ್ಣೊರೆಸಿಕೊಂಡು, ಬಗ್ಗಿ ಪೆಟ್ಟಿಗೆಯ ಒಂದು ಬದಿ ಹಿಡಿದಳು.

"ಮೇಡಂ ಹತ್ರ ನಾನೇ ಬೈಸ್ಕೋತೀನಿ. ಆ ಕಡೆ ಹಿಡ್ಕೊ... ಕೆಳಗೆ ಹೋಗೋಣ."

"ಹಿಡ್ಕೊ? ನಿನ್ನೆವರೆಗೂ ಹಿಡ್ಕೊಳ್ಳಿ ಅಂತಿದ್ರಲ್ಲ!"

"ಭಾರ ಇದೆ ಕಣೋ, ಮೊದ್ಲು ಎತ್ತು!"